ಚಳಿಗಾಲಕ್ಕೆ ಕಟ್ಟಿಟ್ಟ ಗಾಲಿಗಳು

ನಮ್ಮೂರಿನಲ್ಲಿ ಕನ್ನಡಿಗಳಿಗೆ ಕೊರತೆಯಿಲ್ಲ. ಅವು ಗೋಡೆ ತೋರಿಸುತ್ತವೆ, ಕಿಟಕಿ ತೋರಿಸುತ್ತವೆ, ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಯನ್ನೂ ತೋರಿಸುತ್ತವೆ. ಎದುರಿಗೆ ನಿಂತವರ ಮುಖವನ್ನು ಮಾತ್ರ ತೋರಿಸುವುದಿಲ್ಲ. ಬಾವಿಯ ನೀರೂ ಹಾಗೆಯೇ, ಬೆಳಗಿದ ತಂಬಿಗೆಯೂ ಹಾಗೆಯೇ. ಒಮ್ಮೆ ಪೇಟೆಯಿಂದ ಫೋಟೋ ತೆಗೆಯುವವನೊಬ್ಬ ಬಂದಿದ್ದ. ಅವನು ತೆಗೆದ ಚಿತ್ರಗಳಲ್ಲಿ ರುಮಾಲು, ಸೀರೆಯ ಅಂಚು ಎಲ್ಲ ಚೆನ್ನಾಗಿ ಬಂದು ಮುಖದ ಜಾಗ ಬೆಳ್ಳಗೆ ಉಳಿಯಿತು. ಪಾಪ, ಕ್ಯಾಮೆರಾವನ್ನು ಬೈಯುತ್ತಲೇ ಬಸ್ಸು ಹತ್ತಿದ. ನಮಗೆ ನಮ್ಮ ಮುಖ ತೋರಿಸುವುದು ಕಾರಿನ ಕ್ರೋಮ್ ಗಾಲಿ ಒಂದೇ. ಅದೂ ಊರಿನಲ್ಲಿ ಬಹಳ ಕಾಲ ಬಾಳಿದ ಗಾಲಿಯಾಗಬೇಕು. ಹೊರಗಿನಿಂದ ತಂದ ಹೊಸ ಗಾಲಿಗೆ ನಮ್ಮ ಗುರುತು ಹತ್ತಲು ಅರ್ಧ ಆಯುಷ್ಯ ಹಿಡಿಯುತ್ತದೆ.

ಹಿಂದೆ ಅಂಥ ಕಾರುಗಳು ಊರಿನಲ್ಲಿ ಕೆಲವು ಇದ್ದವು. ಒಂದೊಂದರದೇ ಗಾಲಿ ತುಕ್ಕು ಹಿಡಿದು, ಕೊನೆಗೆ ಉಳಿದದ್ದು ನಮ್ಮ ಮನೆಯದು ಮಾತ್ರ. ನನ್ನ ಮಾವ ಕೊಂಡ ಕಾರು ಅದು, ನನ್ನ ಗಂಡ ದ್ಯಾವಪ್ಪ ಬಾಡಿಗೆಗೆ ಓಡಿಸುತ್ತಾನೆ. ಓಡಿಸುವವನು ಅವನಾದರೂ ಗಾಲಿ ನೋಡಿಕೊಳ್ಳುವವಳು ನಾನು, ಕಸ್ತೂರೆವ್ವ. ಬೆಳಿಗ್ಗೆ ಕಾರು ಅಂಗಳದಲ್ಲಿ ನಿಂತಿರುವಾಗ ಊರಿನವರು ಬಂದು ನಾಲ್ಕೂ ಗಾಲಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಹೆಂಗಸರು ಹೆರಳು ಹಾಕಿಕೊಂಡು ಎದ್ದುಬಿಡುತ್ತಾರೆ, ಗಂಡಸರು ಏಳುವುದೇ ಇಲ್ಲ. ಮೀಸೆ ತಿರುವುತ್ತಾ ಕೂತವರನ್ನು ಪೊರಕೆ ತೋರಿಸಿ ಎಬ್ಬಿಸಿದ್ದೂ ಉಂಟು. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮುಚ್ಚಿಡುವುದೇನಿದೆ.

ಊರು ಇರುವುದು ಇಳಿಜಾರಿನ ಮೇಲೆ. ಕೆಳಗೆ ಉಪ್ಪು ತೆಗೆಯುವ ಹೊಂಡಗಳು. ಚಳಿ ಬಂತೆಂದರೆ ಆ ಹೊಂಡಗಳಿಂದ ಉಪ್ಪಿನ ಮಂಜು ಎದ್ದು ಬೀದಿ ಬೀದಿ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಎದ್ದು ತುಟಿ ನೆಕ್ಕಿದರೆ ಉಪ್ಪು. ಹೊಂಡಗಳಿಗೆ ಇಳಿಯುವ ರಸ್ತೆಯಲ್ಲಿ ತಿರುವಿಗೊಮ್ಮೆ ಬ್ರೇಕ್ ಒತ್ತಲೇಬೇಕು. ಒತ್ತಿದಾಗೆಲ್ಲ ಬ್ರೇಕಿನ ಕರಿಯ ಪುಡಿ ಉದುರಿ ಗಾಲಿಗೆ ಅಂಟುತ್ತದೆ. ಬೇಸಿಗೆಯಲ್ಲಾದರೆ ದಿನವೂ ಸೋಪಿನ ನೀರಿನಲ್ಲಿ ಮೆತ್ತಗಿನ ಬ್ರಷ್ ಅದ್ದಿ ತೊಳೆದುಬಿಡಬಹುದು. ಆ ಪುಡಿಗೆ ಉಪ್ಪಿನ ಮಂಜು ಸೇರಿತೋ, ಎರಡೂ ಕೂಡಿ ಕ್ರೋಮನ್ನು ತಿನ್ನುತ್ತವೆ. ಮೊದಲು ಎಳ್ಳಿನಷ್ಟು ಚುಕ್ಕೆ ಬೀಳುತ್ತದೆ, ಆಮೇಲೆ ಚುಕ್ಕೆಯ ಸುತ್ತ ಹಕ್ಕಳೆ ಏಳುತ್ತದೆ. ಮುಂದೆ ಏನು ಉಜ್ಜಿದರೂ ಅಷ್ಟೇ, ಗಾಲಿ ಮುಖ ತೋರಿಸುವುದನ್ನು ಬಿಟ್ಟಿತೆಂದೇ ಲೆಕ್ಕ.

ಹಾಗಾಗಿ ಮಂಜು ಏಳುವ ಮೊದಲೇ ಗಾಲಿ ಕಟ್ಟುತ್ತೇವೆ. ಅಂದು ಇಡೀ ಬೀದಿ ನಮ್ಮ ಅಂಗಳದಲ್ಲಿರುತ್ತದೆ. ದ್ಯಾವಪ್ಪ ಕ್ರೋಮ್ ಗಾಲಿಗಳನ್ನು ಬಿಚ್ಚಿ, ಚಳಿಗಾಲಕ್ಕೆಂದೇ ಇಟ್ಟ ಕಪ್ಪು ಕಬ್ಬಿಣದ ಗಾಲಿಗಳನ್ನು ಹಾಕುತ್ತಾನೆ. ಬಿಚ್ಚಿದ ಗಾಲಿ ಬಿಸಿಯಿದ್ದರೆ ನೀರು ಮುಟ್ಟಿಸಬಾರದು, ಆರಲು ಬಿಡಬೇಕು. ಆರಿದ ಮೇಲೆ ತೊಳೆದು, ಸಂದಿಗೊಂದಿಯ ನೀರನ್ನೆಲ್ಲ ಹಳೆಯ ಪಂಚೆಯಿಂದ ಒರೆಸಿ, ಮೇಣವನ್ನು ತೆಳುವಾಗಿ ಹಚ್ಚಿ, ಅದು ಒಣಗಿದ ಮೇಲೆ ಮತ್ತೊಂದು ಸಲ ಹಚ್ಚುತ್ತೇನೆ. ಆಮೇಲೆ ಹತ್ತಿಬಟ್ಟೆ, ಅದರ ಮೇಲೆ ಮೇಣಗಾಗದ, ಅದರ ಮೇಲೆ ಗೋಣಿ. ಬಟ್ಟೆ ಸುತ್ತುವ ಮುಂಚೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ಕೊನೆಯ ಸಲ ಮುಖ ನೋಡಿಕೊಂಡು ಹೋಗುತ್ತಾರೆ. ಅಷ್ಟಾದ ಮೇಲೆ ಗಾಲಿಗಳು ನಮ್ಮ ಅಟ್ಟ ಸೇರುತ್ತವೆ. ಚಳಿಗಾಲ ಮುಗಿಯುವ ತನಕ ಯಾರೂ ಬಿಚ್ಚುವಂತಿಲ್ಲ. ಒಮ್ಮೆ ಬಿಚ್ಚಿದರೆ ಮಂಜು ಒಳಗೆ ಹೊಕ್ಕು ಹೊರಗೆ ಬರುವುದಿಲ್ಲ.

ಮುಖ ಕಾಣದ ತಿಂಗಳುಗಳಿಗೆ ಊರು ಒಗ್ಗಿಕೊಂಡಿದೆ. ಚಳಿಗಾಲದಲ್ಲಿ ಗಂಡಸರ ಮೀಸೆ ಸೊಟ್ಟಗಿರುತ್ತದೆ, ಯಾರೂ ನಗುವುದಿಲ್ಲ. ಕ್ಷೌರದ ಸಿದ್ಲಿಂಗ ಆಗ ತನಗೆ ತೋಚಿದ ಹಾಗೆ ಕತ್ತರಿ ಆಡಿಸುತ್ತಾನೆ. ಆ ದಿನಗಳಲ್ಲಿ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಳ್ಳುವುದಿಲ್ಲ. ತನ್ನ ಮುಖ ತಾನು ಕಾಣದ ಹುಡುಗಿಯನ್ನು ಬೇರೆಯವರ ಮುಂದೆ ಕೂರಿಸುವುದು ಸರಿಯಲ್ಲವೆಂದು ಹಿರಿಯರು ಅನ್ನುತ್ತಾರೆ. ನನಗೂ ಅದು ಸರಿಯೆನಿಸುತ್ತದೆ. ಜಗಳಗಳೂ ಕಡಿಮೆ, ಯಾಕೋ ಗೊತ್ತಿಲ್ಲ.

ಹೋದ ಸಲ ಗಾಲಿ ಕಟ್ಟಿ ಅಟ್ಟಕ್ಕೇರಿಸಿದ ವಾರದೊಳಗೇ ನನಗೆ ಅದು ಆಯಿತು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ನಾನು ಉಗುಳುವ ಮೊದಲೇ ಎಡಗಡೆಯಿಂದ ಸೋರಿ ಸೆರಗು ಒದ್ದೆಯಾಯಿತು. ಎಡಗಣ್ಣು ಮುಚ್ಚಲು ಹೋದರೆ ಮುಚ್ಚಲಿಲ್ಲ. ಚಹಾ ಕುಡಿಯಲು ಕೂತ ದ್ಯಾವಪ್ಪ ನನ್ನನ್ನು ನೋಡಿ ಲೋಟ ಕೆಳಗಿಟ್ಟ. ಏನಾಗಿದೆಯೆಂದು ಕೇಳಿದೆ. ಏನೂ ಇಲ್ಲ, ಚಳಿಗೆ ಸ್ವಲ್ಪ ಮರಗಟ್ಟಿದೆ ಅಂದ. ಅಂದವನು ನನ್ನ ಮುಖ ಬಿಟ್ಟು ನನ್ನ ಕಿವಿಯ ಕಡೆ ನೋಡುತ್ತಿದ್ದ.

ಹಕೀಮ ಮರ್ತುಜಾಸಾಹೇಬರು ನರ ಸೋತಿದೆ ಅಂದರು. ತಿಕ್ಕಲು ಎಣ್ಣೆ ಕೊಟ್ಟರು, ತಾನಾಗಿ ಬರಬಹುದು, ಸ್ವಲ್ಪ ಉಳಿಯಲೂಬಹುದು ಅಂದರು. ಅವರು ನೇರವಾಗಿ ಹೇಳಿದ್ದು ನನಗೆ ಹಿಡಿಸಿತು. ಉಳಿದವರಿಗೆ ಅಷ್ಟು ಧೈರ್ಯ ಇರಲಿಲ್ಲ. ಪಕ್ಕದ ಮನೆಯ ರೇಣವ್ವ ಬಂದು ಮೊದಲಿಗಿಂತ ಲಕ್ಷಣವಾಗಿ ಕಾಣುತ್ತೀ ಅಂದಳು. ಮೊದಲು ಲಕ್ಷಣವಾಗಿದ್ದೇನೆಂದು ಆಕೆ ಎಂದೂ ಹೇಳಿದವಳಲ್ಲ. ಬೀದಿಯ ಮಕ್ಕಳು ನನ್ನನ್ನು ಕಂಡರೆ ಆಟ ನಿಲ್ಲಿಸಿ ನೋಡುತ್ತಿದ್ದರು, ಅವರ ತಾಯಂದಿರು ಒಳಗೆ ಕರೆಯುತ್ತಿದ್ದರು. ನಾನು ಬೆರಳಿನಿಂದ ಮುಖವನ್ನೆಲ್ಲ ತಡವಿ ನೋಡಿಕೊಳ್ಳುತ್ತಿದ್ದೆ. ಕೆನ್ನೆ ಕೆನ್ನೆಯೇ, ತುಟಿ ತುಟಿಯೇ. ಬೆರಳಿಗೆ ಏನು ತಿಳಿಯುತ್ತದೆ? ನನಗೆ ನೋಡಬೇಕಿತ್ತು. ಎಷ್ಟು ಕೆಟ್ಟಿದ್ದರೂ ಸರಿ, ಅದು ನನ್ನ ಮುಖ, ಊರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೆ ಗೊತ್ತಿಲ್ಲವೆಂಬುದನ್ನು ಸಹಿಸಲಾಗುತ್ತಿರಲಿಲ್ಲ.

ದ್ಯಾವಪ್ಪನ ಹೆದರಿಕೆ ಬೇರೆಯದೇ ಇತ್ತು. ಅವನ ತಾಯಿ ಹೊಂಡದ ಕೆಲಸಕ್ಕೆ ಹೋಗುತ್ತಿದ್ದವಳು. ಒಮ್ಮೆ ಉಪ್ಪು ಕಾಯಿಸುವ ಕಡಾಯಿ ಮಗುಚಿ ಆಕೆಯ ಮುಖ ಸುಟ್ಟಿತು. ಅದೂ ಚಳಿಗಾಲವೇ. ಏನೂ ಆಗಿಲ್ಲವೆಂದು ಆಗಲೂ ಎಲ್ಲರೂ ಹೇಳಿದರಂತೆ. ಗಾಲಿ ತೆರೆದ ದಿನ ಆಕೆ ನಗುತ್ತಾ ಬಂದು ಕೂತು, ನೋಡಿಕೊಂಡು, ಎದ್ದು ಒಳಗೆ ಹೋದವಳು ಸಾಯುವ ತನಕ ಹೊಸ್ತಿಲು ದಾಟಲಿಲ್ಲ. ಆಗ ದ್ಯಾವಪ್ಪ ಚಿಕ್ಕವನು. ಬಾಗಿಲ ಸಂದಿಯಿಂದ ಊಟದ ತಾಟು ಸರಿಸಿ, ಖಾಲಿ ತಾಟು ಬರುವುದನ್ನು ಕಾಯುತ್ತಾ ಕೂರುತ್ತಿದ್ದನಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಇದನ್ನು ಹೇಳಿದ, ಮತ್ತೆ ಆ ಮಾತು ಎತ್ತಲಿಲ್ಲ.

ಅಟ್ಟದಲ್ಲಿ ನಾಲ್ಕು ಗಾಲಿಗಳು ನನ್ನ ತಲೆಯ ಮೇಲೆಯೇ ಇದ್ದವು. ಏಣಿ ಗೋಡೆಗೆ ಒರಗಿಯೇ ಇರುತ್ತಿತ್ತು. ದ್ಯಾವಪ್ಪ ಬಾಡಿಗೆಗೆ ಹೋದಾಗ ಎರಡು ಸಲ ಹತ್ತಿದೆ. ಒಂದು ಸಲ ಗಂಟಿಗೆ ಕೈಯನ್ನೂ ಹಾಕಿದೆ. ಹೊರಗೆ ಮಂಜು ಎಷ್ಟಿತ್ತೆಂದರೆ ಹಗಲಿನಲ್ಲೇ ಎದುರು ಮನೆ ಕಾಣುತ್ತಿರಲಿಲ್ಲ. ಒಂದು ಗಾಲಿ ಬಿಚ್ಚಿದರೆ ಉಳಿದ ಮೂರು ಇರುತ್ತವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಬಸಿರಿ ಸೊಸೆಯನ್ನು ಕರೆತಂದು ಕೂರಿಸುವ ಮುದುಕಿ ಕಣ್ಣ ಮುಂದೆ ಬಂದಳು, ಮೊದಲ ಸಲ ಮೀಸೆ ಚಿಗುರಿದ್ದನ್ನು ನೋಡಿಕೊಳ್ಳಲು ಓಡಿ ಬರುವ ಹುಡುಗರು ಬಂದರು. ಬೇರೆಯವರು ಹಾಳು ಮಾಡಿದ್ದರೆ ಬೀದಿಯಲ್ಲಿ ನಿಂತು ಬೈಯುತ್ತಿದ್ದವಳು ನಾನೇ. ಗಂಟು ಬಿಟ್ಟು ಇಳಿದೆ. ಇಳಿದು ಅಡುಗೆಮನೆಯಲ್ಲಿ ಕೂತು ಅತ್ತೆ. ಅಳುವಾಗಲೂ ಮುಖ ಹೇಗಾಗುತ್ತಿದೆಯೋ ಎಂಬ ಯೋಚನೆಯೇ ಇತ್ತು.

ನಡುವೆ ಒಂದು ವಾರ ಹಕೀಮರ ಮನೆಯಲ್ಲಿದ್ದೆ. ದಿನಕ್ಕೆರಡು ಸಲ ಎಣ್ಣೆ ತಿಕ್ಕಿ ಶಾಖ ಕೊಡಬೇಕಿತ್ತು, ಅವರ ಹೆಂಡತಿ ಅದನ್ನು ಮುತುವರ್ಜಿಯಿಂದ ಮಾಡಿದರು. ಕಣ್ಣು ಅರ್ಧ ಮುಚ್ಚುವ ಹಾಗಾಯಿತು. ತಿರುಗಿ ಬಂದಾಗ ದ್ಯಾವಪ್ಪ ಬಹಳ ಉಪಚಾರ ಮಾಡಿದ, ತಾನೇ ರೊಟ್ಟಿ ಬಡಿದ, ಅದು ಯಾವ ದೇಶದ ನಕ್ಷೆಯೋ ಎಂದು ನಾನು ನಕ್ಕೆ. ಅವನು ನಗಲಿಲ್ಲ. ನನ್ನ ಕಾಯಿಲೆಯ ಚಿಂತೆ ಇರಬೇಕೆಂದುಕೊಂಡೆ.

ಮಂಜು ಕರಗಿ, ಬಾಯಿಯ ಉಪ್ಪು ಹೋಗಿ, ಹಿರಿಯರು ಗಾಲಿ ತೆರೆಯುವ ದಿನ ಗೊತ್ತು ಮಾಡಿದರು. ಹಿಂದಿನ ದಿನ ನಾನು ಎಣ್ಣೆನೀರು ಹಾಕಿಕೊಂಡೆ, ಇದ್ದುದರಲ್ಲಿ ಒಳ್ಳೆಯ ಸೀರೆ ತೆಗೆದಿಟ್ಟೆ. ಹಬ್ಬವೆಂದಲ್ಲ. ಏನನ್ನೇ ನೋಡುವುದಿದ್ದರೂ ಅಚ್ಚುಕಟ್ಟಾಗಿ ಕೂತು ನೋಡೋಣವೆಂದು. ಬೆಳಿಗ್ಗೆ ಅಂಗಳ ತುಂಬಿತ್ತು. ಸಿದ್ಲಿಂಗ ತಾನು ಕತ್ತರಿಸಿದ ತಲೆಗಳ ಒಡೆಯರಿಂದ ದೂರ ನಿಂತಿದ್ದ. ಮೊದಲು ನೋಡುವ ಸರದಿ ನನ್ನದೆಂದು ರೇಣವ್ವನೇ ಎಲ್ಲರಿಗೂ ಹೇಳಿದಳು, ಯಾರೂ ಬೇಡವೆನ್ನಲಿಲ್ಲ. ಹಾಗೆ ಹೇಳಿದ್ದಕ್ಕೆ ಆಕೆಯ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿಯಿತು.

ದ್ಯಾವಪ್ಪ ಮೊದಲ ಗಾಲಿಯನ್ನು ಇಳಿಸಿ ನನ್ನ ಮುಂದಿಟ್ಟ. ಗಂಟು ನೋಡಿದೆ. ನನ್ನದಲ್ಲ. ನಾನು ಎಡಕ್ಕೆ ಸುತ್ತಿ ಕಟ್ಟುವವಳು, ಇದು ಬಲಕ್ಕೆ ಸುತ್ತಿತ್ತು. ಗೋಣಿ ತೆಗೆದೆ, ಕಾಗದ ತೆಗೆದೆ. ಹತ್ತಿಬಟ್ಟೆ ಗಾಲಿಗೆ ಹತ್ತಿಕೊಂಡಿತ್ತು, ಎಳೆದಾಗ ಚರ್ರೆಂದು ಬಂತು. ಬಟ್ಟೆಯ ಒಳಮೈಯಲ್ಲಿ ಕರಿಯ ಪುಡಿ, ನಡುನಡುವೆ ಕಂದು ಕಲೆ. ಗಾಲಿಯ ಮೈತುಂಬ ತುಕ್ಕಿನ ಚುಕ್ಕೆ, ಕೆಲವು ಕಡೆ ಕ್ರೋಮ್ ಸಿಪ್ಪೆಯಾಗಿ ಎದ್ದಿತ್ತು. ಬಗ್ಗಿ ನೋಡಿದೆ. ಏನೂ ಇರಲಿಲ್ಲ, ಸೀರೆಯ ಬಣ್ಣದ ಮಸುಕು ಒಂದಿತ್ತು, ಅಷ್ಟೇ. ಎರಡನೆಯದನ್ನು ಬಿಚ್ಚಿದೆ, ಮೂರನೆಯದನ್ನು ಬಿಚ್ಚಿದೆ. ನಾಲ್ಕನೆಯದನ್ನೂ ಬಿಚ್ಚಿದೆ. ಎಲ್ಲವೂ ಹಾಗೆಯೇ.

ಸರಿಯಾಗಿ ತೊಳೆದಿರಲಿಲ್ಲವೇ ಎಂದು ರೇಣವ್ವ ಮೆಲ್ಲಗೆ ಕೇಳಿದಳು. ಆಕೆಯ ಕಣ್ಣ ಮುಂದೆಯೇ ತೊಳೆದಿದ್ದೆ. ಅಟ್ಟದಲ್ಲಿ ಕೂತ ಗಾಲಿಗೆ ಬ್ರೇಕಿನ ಪುಡಿ ಎಲ್ಲಿಂದ ಬರಬೇಕು? ಓಡಿದ ಗಾಲಿಗೆ ಮಾತ್ರ ಅದು ಹತ್ತುತ್ತದೆ. ಮಂಜಿನಲ್ಲಿ, ಇಳಿಜಾರಿನಲ್ಲಿ, ಬ್ರೇಕ್ ಒತ್ತಿ ಒತ್ತಿ ಓಡಿಸಿ, ತೊಳೆಯದೆ ಹಾಗೆಯೇ ಸುತ್ತಿಟ್ಟರೆ ಮಾತ್ರ ಹೀಗಾಗುತ್ತದೆ. ನಾನು ಗಂಡನ ಮುಖ ನೋಡಿದೆ. ಅಂಗಳದಲ್ಲಿ ಇದ್ದವರೆಲ್ಲ ನಾನು ನೋಡಿದ ಕಡೆಯೇ ನೋಡಿದರು.

"ನಾನ ಓಡಿಸಿದ್ದು," ಅಂದ ದ್ಯಾವಪ್ಪ. "ಆಕಿ ಹಕೀಮರ ಮನಿಯಾಗ ಇದ್ದಾಗ. ಬೇಕಂತನ ಓಡಿಸಿದೆ. ಆಕಿ ನೋಡಬಾರದು ಅಂತ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬ ಮುದುಕ ತನ್ನ ಗದ್ದ ಮುಟ್ಟಿಕೊಂಡು ನೋಡಿದ, ಬಸಿರಿ ಹುಡುಗಿಯೊಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಒಬ್ಬೊಬ್ಬರೇ ಎದ್ದರು. ಹೋಗುವಾಗ ಕೆಲವರು ಖಾಲಿ ಗಾಲಿಯ ಮುಂದೆ ಬಗ್ಗಿ, ರೂಢಿಯಂತೆ ಕೂದಲು ಸರಿಮಾಡಿಕೊಂಡು ಹೋದರು. ರೇಣವ್ವ ಕೊನೆಗೆ ಹೋದಳು. ಹೋಗುವ ಮುಂಚೆ ನನ್ನ ಭುಜ ಮುಟ್ಟಿದಳು.

ನನಗೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಚಳಿಗಾಲವಿಡೀ ಊರಿಗಾಗಿ ನಾನು ಕೈ ಕಟ್ಟಿ ಕೂತಿದ್ದೆ. ಇವನು ನನಗಾಗಿ ಎಂದು ಊರಿನ ಮುಖವನ್ನೆಲ್ಲ ಮಣ್ಣುಪಾಲು ಮಾಡಿದ್ದ. ನಾನು ಅವನ ತಾಯಿಯಲ್ಲ. ನಾನು ಏನು ಮಾಡುತ್ತಿದ್ದೆ, ಬಾಗಿಲು ಹಾಕಿಕೊಳ್ಳುತ್ತಿದ್ದೆನೋ, ಬೀದಿಯಲ್ಲಿ ನಿಂತು ಎಂದಿನಂತೆ ಬೈದಾಡುತ್ತಿದ್ದೆನೋ, ಅದನ್ನು ತಿಳಿಯುವ ದಾರಿಯನ್ನೇ ಅವನು ಕಿತ್ತುಕೊಂಡ. ಹಾಗೆಂದು ಅವನ ಮುಖಕ್ಕೆ ಹೇಳಿದೆ, ಇನ್ನೂ ಬಹಳ ಹೇಳಿದೆ. ಅವನು ಕಾರಿಗೆ ಒರಗಿ ಕೇಳಿಸಿಕೊಂಡ. ತಾಯಿಗೆ ಸರಿಸಿದ ಹಾಗೆ ನಿನಗೂ ಬಾಗಿಲ ಸಂದಿಯಿಂದ ತಾಟು ಸರಿಸಲು ನನ್ನಿಂದ ಆಗುವುದಿಲ್ಲ ಎಂದಷ್ಟೇ ಅಂದ.

ಬೈದು ಬೈದು ಗಂಟಲು ಒಣಗಿತು. ಆಗ ನನಗೆ ಒಂದು ಹೊಳೆಯಿತು. ಈ ಊರಿನಲ್ಲಿ ಯಾರೂ ಯಾರ ಮುಖವನ್ನೂ ಬಾಯಿಮಾತಿನಲ್ಲಿ ಹೇಳಿದವರಲ್ಲ. ಬೇಕಾದರೆ ಗಾಲಿ ನೋಡಿಕೋ ಅನ್ನುತ್ತೇವೆ, ಮುಗಿಯಿತು. ಗಾಲಿ ಇಲ್ಲದ ತಿಂಗಳುಗಳಲ್ಲಿ ಸುಮ್ಮನೆ ಕಾಯುತ್ತೇವೆ. ಇನ್ನು ಕಾಯಲು ಏನೂ ಉಳಿದಿರಲಿಲ್ಲ.

"ಇಲ್ಲಿ ಬಂದು ಕುಂದರ್ರಿ," ಅಂದೆ. "ನನ್ನ ಮಾರಿ ನೋಡ್ರಿ. ಏನೇನು ಐತಿ ಹೇಳ್ರಿ, ಒಂದೂ ಬಿಡಬ್ಯಾಡ್ರಿ."

ಅವನು ಗಾಲಿಗಳ ಆಚೆ, ನನಗೆ ಎದುರಾಗಿ ಕೂತ. ಚಲೋ ಐತಿ ಅಂದ. ಅದನ್ನು ರೇಣವ್ವ ಆಗಲೇ ಹೇಳಿದ್ದಾಳೆ, ನೀವು ಕಂಡದ್ದನ್ನು ಹೇಳಿ ಅಂದೆ. ಅವನು ಹಣೆಯಿಂದ ಶುರು ಮಾಡಿದ. ಬಲಗಡೆ ಗೆರೆಗಳಿವೆ, ಎಡಗಡೆ ಒಂದೂ ಇಲ್ಲ, ಎಳೆಯ ಹುಡುಗಿಯ ಹಣೆಯಷ್ಟು ನುಣುಪಾಗಿದೆ ಅಂದ. ಎಡಹುಬ್ಬು ಕೆಳಗೆ ಬಂದಿದೆ. ಎಡಗಣ್ಣಿನ ಕೆಳರೆಪ್ಪೆ ಜೋತಿದೆ, ಅಂಚು ಕೆಂಪಗಿದೆ, ಯಾವಾಗಲೂ ನೀರಾಡುತ್ತದೆ. ಒಂದೊಂದು ಹೇಳಿದಾಗಲೂ ನಾನು ಅಲ್ಲಿ ಬೆರಳಿಟ್ಟು ನೋಡಿಕೊಂಡೆ. ಮೂಗಿನ ಹತ್ತಿರ ಬಂದು, ಸಣ್ಣ ಮೂಗು ಅಂದ. ಸುಳ್ಳು ಹೇಳಬೇಡಿ, ನನ್ನ ಮೂಗು ಅಗಲ ಅಂದೆ. ಗಾಲಿಯ ಉಬ್ಬು ಎಲ್ಲರ ಮೂಗನ್ನೂ ಅಗಲ ಮಾಡುತ್ತದೆ, ನಿನ್ನದು ಮೊದಲಿನಿಂದಲೂ ಸಣ್ಣದೇ ಅಂದ. ಹುಟ್ಟಿದಂದಿನಿಂದ ದೊಡ್ಡ ಮೂಗಿನವಳೆಂದು ಬದುಕಿದವಳು ನಾನು.

ಬಾಯಿಯ ಹತ್ತಿರ ಬಂದು ಅವನು ನಿಲ್ಲಿಸಿದ. ಹೇಳ್ರಿ ಅಂದೆ. ಎಡತುದಿ ಇಳಿದಿದೆ, ಮಾತಾಡುವಾಗ ಬಾಯೆಲ್ಲ ಬಲಕ್ಕೆ ಜಗ್ಗುತ್ತದೆ, ನಗುವಾಗ ಇನ್ನೂ ಹೆಚ್ಚು ಅಂದ.

"ನೋಡಿದವರಿಗೆ ಅಂಜಿಕಿ ಬರತೈತೇನು?" ಎಂದು ಕೇಳಿದೆ. ಚಳಿಗಾಲವಿಡೀ ನಾನು ಕೇಳಬೇಕೆಂದಿದ್ದುದು ಅದೊಂದೇ.

"ಮೊದಲನೇ ದಿನ ನನಗ ಬಂತು," ಅಂದ. "ಈಗ ಇಲ್ಲ. ಈಗ ನನಗ ಅದು ರೂಢಿ ಆಗೇತಿ."

ಅಷ್ಟು ಸಾಕಾಗಿತ್ತು. ಚೆಂದ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಅವನಿಗೆ ರೂಢಿಯಾದದ್ದು ರೇಣವ್ವನಿಗೂ ಆಗುತ್ತದೆ, ಮಕ್ಕಳಿಗೂ ಆಗುತ್ತದೆ, ಸ್ವಲ್ಪ ತಡವಾಗಿ ನನಗೂ ಆಗುತ್ತದೆ. ನಾಳೆಯಿಂದ ನೀರಿಗೆ ಬೀದಿಯ ನಳಕ್ಕೆ ಮೊದಲಿನಂತೆ ನಾನೇ ಹೋಗುತ್ತೇನೆ ಅಂದೆ. ಮಕ್ಕಳು ದಿಟ್ಟಿಸಿದರೆ ದಿಟ್ಟಿಸಲಿ, ನಾನೂ ದಿಟ್ಟಿಸುತ್ತೇನೆ ಅಂದೆ. ಅವನು ಮುಖ ಮುಚ್ಚಿಕೊಂಡು ಕೂತ. ನಾನು ಸಮಾಧಾನ ಮಾಡಲಿಲ್ಲ. ಸಿಟ್ಟು ಹೋಗಿರಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಕೈ ತೆಗೆದ. ನೆಲದ ಮೇಲಿನ ಗಾಲಿಯನ್ನೊಮ್ಮೆ ನೋಡಿ, ಅಲ್ಲಿ ಏನೂ ಕಾಣದೆ, ನನ್ನ ಕಡೆ ತಿರುಗಿದ.

"ನಂದು ಹೆಂಗೈತಿ?" ಎಂದು ಕೇಳಿದ.

ಆ ಚಳಿಗಾಲದಲ್ಲಿ ನಾನು ಅವನ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನನ್ನದರ ಚಿಂತೆಯಲ್ಲೇ ಇದ್ದೆ. ಈಗ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು. ಕಿವಿಯ ಪಕ್ಕದ ಕೂದಲು ಪೂರಾ ಬೆಳ್ಳಗಾಗಿತ್ತು. ಕಣ್ಣ ಕೆಳಗೆ ಕಪ್ಪು ಹರಡಿತ್ತು.

"ಮುದುಕ ಆಗೀರಿ," ಅಂದೆ.

ಅವನು ತನ್ನ ಕೆನ್ನೆ ಮುಟ್ಟಿಕೊಂಡ. "ಯಾವಾಗ?" ಅಂದ.

"ಈ ಚಳಿಗಾಲದಾಗ," ಅಂದೆ.